ಗ್ರಾಚಾರ ಮಿಷಿನ್ ಆಂಟಿ

ದೇವಸ್ಥಾನದ ಚಪ್ಪಲಿ ಗೂಡಿನಲ್ಲಿ ಮೀನು ಸಿಕ್ಕಿದೆ ಎಂಬ ಸುದ್ದಿ ಅಮೆರಿಕದ ಮಾರಿಸ್‌ವಿಲ್‌ನ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಹಬ್ಬಲು ಒಂದು ಮಂಗಳಾರತಿ ಮುಗಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ನಾನು ಅಂದು ಅಲ್ಲೇ ಇದ್ದೆ. ಸ್ವಯಂಸೇವಕರ ಹಳದಿ ಶಾಲು ಹೊದ್ದ ಅಂಕಲ್ ಒಬ್ಬರು ಒಂದು ಜೊತೆ ಕೆಂಪು ಸ್ನೀಕರ್ ಕಡೆ ಬೆರಳು ತೋರಿಸಿ ಗಂಟಲು ಹರಿದುಕೊಳ್ಳುತ್ತಿದ್ದರು.

"ಯಾರ್ರೀ ಇದು? ದೇವಸ್ಥಾನಕ್ಕೆ ಸುಶಿ ತಂದಿಟ್ಟಿದಾರೆ! ಮಾನ ಮರ್ಯಾದೆ ಏನಾದ್ರೂ ಬೇಡ್ವಾ?"

ಸ್ನೀಕರ್ ಒಳಗೆ ನೋಡಿದರೆ ನಿಜಕ್ಕೂ ಎರಡು ಸುಶಿ. ಬಿಳಿ ಅನ್ನ, ಮೇಲೆ ಕಿತ್ತಳೆ ಬಣ್ಣದ ಮೀನಿನ ತುಂಡು, ನಡುವಿಗೆ ಕಪ್ಪು ಪಟ್ಟಿ. ಮಡಿಯುಟ್ಟ ಹೆಂಗಸರು ಸೆರಗು ಎತ್ತಿಕೊಂಡು ಹಿಂದೆ ಸರಿದರು. ಅಷ್ಟರಲ್ಲಿ ಗುಂಪು ಸೀಳಿಕೊಂಡು ಒಬ್ಬರು ಮುಂದೆ ಬಂದರು. ಮೈಸೂರು ಸಿಲ್ಕ್ ಸೀರೆ, ಬೆಳ್ಳಗಿನ ಕೂದಲು, ಅದರ ತುಂಬಾ ಸ್ಟ್ರಾಬೆರಿ, ನಕ್ಷತ್ರ, ಬೆಕ್ಕಿನ ಮುಖದ ಪ್ಲಾಸ್ಟಿಕ್ ಕ್ಲಿಪ್ಪುಗಳು. ಬಗ್ಗಿ ಒಂದು ಸುಶಿ ಎತ್ತಿಕೊಂಡರು, ಬಿಚ್ಚಿದರು, ಕಾಲಿಗೆ ಹಾಕಿಕೊಂಡರು. ಇನ್ನೊಂದನ್ನೂ ಹಾಗೇ.

"ಕಾಲುಚೀಲ ಸ್ವಾಮಿ," ಎಂದರು. "ಜಪಾನಿಂದು. ಸುತ್ತಿಟ್ರೆ ಸುಶಿ, ಬಿಚ್ಚಿದ್ರೆ ಸಾಕ್ಸು. ಬೇಕಾದ್ರೆ ಮೂಸಿ ನೋಡಿ. ಮೀನಿನ ವಾಸನೆ ಬಂದ್ರೆ ಇಡೀ ದೇವಸ್ಥಾನ ನಾನೇ ತೊಳೀತೀನಿ."

ಅಂಕಲ್ ಮೂಸಿ ನೋಡುವ ಧೈರ್ಯ ಮಾಡಲಿಲ್ಲ.

ಇವರು ನಮ್ಮ ಪಕ್ಕದ ಮನೆಯ ಆಂಟಿ. ಆ ಟೌನ್‌ಹೌಸ್ ಸಾಲಿನಲ್ಲಿ ಅವರಿಗೂ ನಮಗೂ ಒಂದೇ ಗೋಡೆ; ಅವರು ಒಗ್ಗರಣೆ ಹಾಕಿದರೆ ನಾನು ಸೀನುತ್ತಿದ್ದೆ. ಈಗ ನಾವು ವರ್ಜೀನಿಯಾದ ಸ್ಟರ್ಲಿಂಗ್‌ಗೆ ಬಂದುಬಿಟ್ಟಿದ್ದೇವೆ, ನನ್ನ ಗಂಡನಿಗೆ ಇಲ್ಲಿನ ಡೇಟಾ ಸೆಂಟರ್ ಒಂದರಲ್ಲಿ ಕೆಲಸ. ಇಲ್ಲಿ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂಬುದೇ ಗೊತ್ತಿಲ್ಲ, ಸೀನೂ ಬರುವುದಿಲ್ಲ. ಮೊನ್ನೆ ಆಂಟಿ ಒಂದು ಫೋಟೋ ಕಳಿಸಿದರು. ಅದನ್ನು ನೋಡಿದ ಮೇಲೆ ಬರೆಯದೆ ಇರಲಾಗಲಿಲ್ಲ. ಹೆಸರು ಹಾಕಲಾ ಎಂದು ಫೋನ್ ಮಾಡಿ ಕೇಳಿದೆ.

"ಬೇಡ್ವೇ ಬೇಡ ಕಣೇ. ಹೆಸರು ಹಾಕಿದ್ರೆ ಮೈಸೂರಿಂದ ನಮ್ಮ ನಾದಿನಿ ಫೋನ್ ಮಾಡ್ತಾಳೆ. ಅವಳ ಫೋನ್ ಎತ್ತೋಷ್ಟು ಪುರುಸೊತ್ತು ನನಗಿಲ್ಲ."

ಆದ್ದರಿಂದ ಅವರು ಇಲ್ಲಿ ಬರೀ ಆಂಟಿ.

ಸುಶಿ ಸಾಕ್ಸಿನ ಸುದ್ದಿ ಅದೇ ಸಂಜೆ ಕಾರಿನಲ್ಲಿ ಎರಡೂವರೆ ಗಂಟೆ ದೂರದ ಷಾರ್ಲೆಟ್‌ಗೂ ತಲುಪಿತು. ಅಲ್ಲಿ ಆಂಟಿಯ ಒಬ್ಬಳೇ ಮಗಳು ದೀಪ್ತಿ ಇದ್ದಳು, ಬ್ಯಾಂಕೊಂದರ ಐಟಿಯಲ್ಲಿ ದೊಡ್ಡ ಹುದ್ದೆ. ಊರೆಲ್ಲ ನಕ್ಕರೂ ಅವಳಿಗೆ ನಗು ಬರಲಿಲ್ಲ. ಅಪ್ಪ ಹೋದ ಮೇಲೆ ಅಮ್ಮನ ಮನೆಯಲ್ಲಿ ಜಪಾನಿನ ಚಿಲ್ಲರೆ ಸಾಮಾನು ತುಂಬಿಕೊಳ್ಳುತ್ತಿದ್ದುದನ್ನು ಅವಳು ನೋಡುತ್ತಲೇ ಇದ್ದಳು. ಅರವತ್ತು ದಾಟಿದ ಹೆಂಗಸು ತಲೆ ತುಂಬ ಮಕ್ಕಳ ಕ್ಲಿಪ್ಪು ಹಾಕಿಕೊಂಡು ಓಡಾಡಿದರೆ ತಲೆಯೊಳಗೇ ಏನೋ ಸಡಿಲವಾಗಿದೆ ಎಂದು ಅವಳು ತೀರ್ಮಾನ ಮಾಡಿಬಿಟ್ಟಳು. ಮನೆ ಮಾರಿ ಅಮ್ಮನನ್ನು ಷಾರ್ಲೆಟ್‌ನ ಬ್ಯಾಲಂಟೈನ್‌ನ ತನ್ನ ಮನೆಗೆ ಕರೆದುಕೊಂಡು ಹೋಗಬೇಕು, ಗೆಸ್ಟ್ ರೂಮಿನಲ್ಲಿ ಕಣ್ಣೆದುರಿಗೇ ಇಟ್ಟುಕೊಳ್ಳಬೇಕು ಎಂಬುದು ಅವಳ ಹಟ. ಆ ಮನೆ ಬಿಟ್ಟು ಕದಲುವುದಿಲ್ಲ ಎಂಬುದು ಆಂಟಿಯ ಹಟ. ಅಮ್ಮನೂ ಮಗಳೂ ಒಬ್ಬರಿಗಿಂತ ಒಬ್ಬರು ಜಗಮೊಂಡರು. ನಡುವೆ ಗೋಡೆಯ ಈಚೆ ನಾನು.

ಆಂಟಿಯ ಗಂಡ, ನಮ್ಮ ಪಕ್ಕದ ಮನೆ ಅಂಕಲ್, ಹೋದದ್ದು ೨೦೨೦ರಲ್ಲಿ, ಎಲ್ಲರೂ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತ ಕಾಲದಲ್ಲಿ, ನಿದ್ದೆಯಲ್ಲೇ ಹೃದಯ ನಿಂತು. ಕಡೆಯ ಕೆಲಸಗಳನ್ನು ನಾವು ಜೂಮ್‌ನಲ್ಲಿ ನೋಡಿದೆವು. ಗೋಡೆಯಾಚೆ ಆಂಟಿ ಅಳುವುದು ಕೇಳುತ್ತಿದೆ, ನಾನು ಸಾರು ಮಾಡಿ ಅವರ ಬಾಗಿಲ ಮುಂದೆ ಇಟ್ಟು ಬೆಲ್ ಒತ್ತಿ ಓಡಿಬರಬೇಕು. ಅಂಥ ದರಿದ್ರ ಕಾಲ ಶತ್ರುವಿಗೂ ಬೇಡ. ಎಷ್ಟೋ ದಿನ ಒಗ್ಗರಣೆಯ ವಾಸನೆಯೇ ಬರಲಿಲ್ಲ. ಸೀನು ಬರಲಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಆಮೇಲೊಂದು ಬೆಳಿಗ್ಗೆ ಬಾಗಿಲು ತೆಗೆದರೆ ಆಂಟಿ ಡ್ರೈವ್‌ವೇನಲ್ಲಿ ನಿಂತಿದ್ದಾರೆ. ಮುಖಕ್ಕೆ ಮಾಸ್ಕು, ಮಾಸ್ಕಿನ ಮೇಲೆ ಬೆಕ್ಕಿನ ಬಾಯಿ, ಎರಡೂ ಕಡೆ ಮೀಸೆ.

"ಜಪಾನಿಂದ ಬಂತು ಕಣೇ ಸುಮಾ. ಈಗ ನನ್ನ ಮನೆ ಬೆಲ್ ಒತ್ತೋನು ಅಂದ್ರೆ ಪಾರ್ಸೆಲ್ ತರೋನು ಒಬ್ಬನೇ. ಅವನಾದ್ರೂ ಬರ್ಲಿ ಅಂತ ತರಿಸ್ದೆ. ಹೇಗಿದೆ?"

"ಮಿಯಾಂವ್ ಅನ್ನಿ ಆಂಟಿ," ಎಂದೆ. ಅಂದರು. ಇಬ್ಬರೂ ನಕ್ಕೆವು. ಆಮೇಲೆ ನಾನು ಒಳಗೆ ಹೋಗಿ ಸಿಂಕಿನ ಮುಂದೆ ನಿಂತು ಅತ್ತುಬಿಟ್ಟೆ. ಅಂದು ಮಧ್ಯಾಹ್ನ ಒಗ್ಗರಣೆ ವಾಸನೆ ಬಂತು.

ಅಲ್ಲಿಂದ ಶುರುವಾಯಿತು ನೋಡಿ. ಲೆಟಿಸ್ ಸೊಪ್ಪಿನಂತೆ ಕಾಣುವ ಕೊಡೆ ಬಂತು. ಅದನ್ನು ಹಿಡಿದು ಅವರು ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಬರುತ್ತಿದ್ದರೆ ಎಲೆಕೋಸೊಂದು ಮಳೆಯಲ್ಲಿ ನಡೆದುಕೊಂಡು ಬರುತ್ತಿದೆ ಎನಿಸುತ್ತಿತ್ತು. ಸುಟ್ಟ ಬ್ರೆಡ್ಡಿನಂಥ ಪರ್ಸು ಬಂತು. ಬಿಸಿ ನೂಡಲ್ಸ್ ಆರಿಸಲು ಪುಟ್ಟ ಫ್ಯಾನು ಕಟ್ಟಿದ ತಿನ್ನುವ ಕಡ್ಡಿಗಳು ಬಂದವು. ಆಂಟಿ ನೂಡಲ್ಸ್ ತಿನ್ನುವುದಿಲ್ಲ, ಶಾವಿಗೆ ಉಪ್ಪಿಟ್ಟು ಆರಿಸಿಕೊಂಡರು. ನನಗೆ ಮನೆಯಲ್ಲಿ ಒಂದು ಚಮಚ ಹೆಚ್ಚಾದರೂ ಮೈ ಪರಚಿಕೊಳ್ಳುವಂತಾಗುತ್ತದೆ. "ಇದೆಲ್ಲ ಯಾತಕ್ಕೆ ಬೇಕು ಆಂಟಿ?" ಎಂದು ರೇಗುತ್ತಿದ್ದೆ.

"ಯಾತಕ್ಕೂ ಬೇಡ. ಅದಕ್ಕೇ ಚೆನ್ನಾಗಿದೆ," ಎನ್ನುತ್ತಿದ್ದರು.

ವರ್ಷಗಟ್ಟಲೆ ಅವರು ಅಲ್ಲಿನ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿದ್ದವರು. ಬಿಳಿ ಕೋಟು, ಬಿಳಿ ಗ್ಲೌಸು, ಬಿಳಿ ಗೋಡೆ. ರಿಟೈರ್ ಆದಮೇಲೆ ಬಿಳಿ ಟೀ ಕಪ್ಪು ಕಂಡರೂ ಆಗುತ್ತಿರಲಿಲ್ಲ. ಟೋಕಿಯೊದ ಬೀದಿಗಳಲ್ಲಿ ಹುಡುಗಿಯರು ತಲೆಯೇ ಕಾಣದಷ್ಟು ಕ್ಲಿಪ್ಪು ಚುಚ್ಚಿಕೊಂಡು, ಒಂದರ ಮೇಲೊಂದು ಲಂಗ ಹಾಕಿಕೊಂಡು ಓಡಾಡುವ ವೀಡಿಯೊ ತೋರಿಸಿ, "ನೋಡೇ, ಇದಕ್ಕೆ ಅಲ್ಲಿ ಫ್ಯಾಷನ್ ಅಂತಾರೆ. ನಮ್ಮಮ್ಮ ನನಗೆ ಮೊಗ್ಗಿನ ಜಡೆ ಹಾಕಿ ಸ್ಟುಡಿಯೋಗೆ ಕರ್ಕೊಂಡು ಹೋದಾಗ ನಾನೂ ಹಿಂಗೇ ಇದ್ದೆ. ಆವಾಗ ಯಾರೂ ತಲೆ ಕೆಟ್ಟಿದೆ ಅನ್ಲಿಲ್ಲ," ಎಂದರು. ಮಾರನೆಯ ವಾರದಿಂದ ಕ್ಲಿಪ್ಪುಗಳು ಬರತೊಡಗಿದವು.

ಅವರ ಸಾಮಾನುಗಳಲ್ಲೆಲ್ಲ ನನಗೆ ಇಷ್ಟವಾದದ್ದು ಒಂದೇ, ಹೆಬ್ಬೆರಳಿಗೆ ಬೇರೆ ಮನೆ ಮಾಡಿದ ಜಪಾನೀ ಕಾಲುಚೀಲ. ಚಳಿಗಾಲದಲ್ಲೂ ಉಂಗುಷ್ಟದ ಚಪ್ಪಲಿ ಹಾಕಿಕೊಳ್ಳಬಹುದು. ನಮ್ಮ ಹೆಂಗಸರಿಗೆಂದೇ ಮಾಡಿದ ಹಾಗಿದೆ. ನನಗೂ ಒಂದು ಜೊತೆ ಕೊಟ್ಟರು. ಕೊಡುವಾಗ ತಮ್ಮ ಕಾಲು ಚಾಚಿ ಬೆರಳು ಆಡಿಸಿದರು.

"ಇದರೊಳಗೆ ಕಾಲುಂಗುರ ಇದ್ಯೋ ಇಲ್ವೋ, ಹೇಳು ನೋಡೋಣ?"

"ಗೊತ್ತಾಗಲ್ಲ ಆಂಟಿ."

"ಯಾರಿಗೂ ಗೊತ್ತಾಗಲ್ಲ. ಆರಾಮು," ಎಂದರು.

ಇನ್ನು ಆ ಹೆಸರಿನ ಕಥೆ. ಮಾಸ್ಕಿನ ಕಾಲ ಮುಗಿದ ಮೇಲೆ ಪಕ್ಕದ ಊರು ಕ್ಯಾರಿಯ ಮಾಲೊಂದರಲ್ಲಿ ಜಪಾನೀ ಆಟಿಕೆಯ ಅಂಗಡಿ ತೆರೆಯಿತು. ಆಂಟಿಯನ್ನೂ ನನ್ನ ಮಗಳು ಅನುವನ್ನೂ ಕಾರಿನಲ್ಲಿ ಹಾಕಿಕೊಂಡು ಹೋದೆ. ಬಾಗಿಲಲ್ಲೇ ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಮಿಷಿನ್‌ಗಳು. ಒಳಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಉಂಡೆಗಳು, ಉಂಡೆಯೊಳಗೆ ಒಂದೊಂದು ಬೊಂಬೆ. ಬಿಲ್ಲೆ ಹಾಕಿ ಹಿಡಿ ತಿರುಗಿಸಿದರೆ ಒಂದು ಉಂಡೆ ಉದುರುತ್ತದೆ. ಯಾವುದು ಬೇಕೆಂದು ಆರಿಸುವ ಹಾಗಿಲ್ಲ. ಬಂದದ್ದು ನಿಮ್ಮದು.

"ಇದಕ್ಕೇನಂತಾರೆ ಪುಟ್ಟೀ?"

"ಆಂಟಿ, ಇಟ್ಸ್ ಗಾಚಾ!" ಎಂದಳು ಅನು.

"ಏನು? ಗ್ರಾಚಾರನಾ?"

"ನೋ ಆಂಟಿ, ಗಾಚಾ. ಯೂ ಡೋಂಟ್ ನೋ ವಾಟ್ ಯೂ ಗೆಟ್. ಏನ್ ಬರುತ್ತೆ ಅದೇ."

"ಅದನ್ನೇ ಕಣೇ ನಾವು ಗ್ರಾಚಾರ ಅನ್ನೋದು!" ಆಂಟಿ ಅಂಗಡಿಯ ಬಾಗಿಲಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಜಪಾನಿನವರು ಬುದ್ಧಿವಂತರು ನೋಡು ಸುಮಾ. ನಾವು ನಮ್ಮ ಗ್ರಾಚಾರ ಅಂತ ಹಣೆ ಚಚ್ಕೊಂಡು ಕೂತ್ಕೋತೀವಿ. ಇವರು ಅದಕ್ಕೊಂದು ಹಿಡಿ ಇಟ್ಟು, ತಿರುಗ್ಸು ಅಂತ ಬಿಟ್ಟಿದಾರೆ!"

ಅಂದಿನಿಂದ ಮಾರಿಸ್‌ವಿಲ್‌ನ ಕನ್ನಡ ಮಕ್ಕಳಿಗೆಲ್ಲ ಅದು ಗ್ರಾಚಾರ ಮಿಷಿನ್. ಆಂಟಿ ಮನೆಗೇ ಒಂದು ಸಣ್ಣ ಮಿಷಿನ್ ತರಿಸಿ ಬಾಗಿಲ ಪಕ್ಕ ಇಟ್ಟುಕೊಂಡರು. ಹೋದ ಮಕ್ಕಳಿಗೆಲ್ಲ ಒಂದು ತಿರುಗು. "ಅಮ್ಮಾ, ಕ್ಯಾನ್ ವೀ ಗೋ ಟು ಗ್ರಾಚಾರ ಆಂಟಿ ಹೌಸ್?" ಎಂದು ಅನು ಮೊದಲ ಸಲ ಕೇಳಿದಾಗ ಭಾರತದಿಂದ ಬಂದಿದ್ದ ನಮ್ಮ ಅತ್ತೆಯವರಿಗೆ ಎದೆ ಧಸಕ್ಕೆಂದಿತು.

ಅಂಗಡಿಯ ಮಿಷಿನ್‌ಗಳಲ್ಲಿ ಒಂದರ ಮೇಲೆ ಆಂಟಿಗೆ ವಿಶೇಷ ಕಣ್ಣು. ನಿಂತಿರುವ ಪುಟ್ಟ ಪ್ರಾಣಿಗಳ ಸರಣಿ ಅದು; ಅದರಲ್ಲಿ ಅಪರೂಪಕ್ಕೆ ಸಿಗುವುದು ಆನೆ. ಆಂಟಿಗೆ ಆನೆ ಬೇಕು. ಹೋದಾಗೆಲ್ಲ ತಿರುಗಿಸುವರು, ಬರುವುದು ಪೆಂಗ್ವಿನ್. ಮತ್ತೆ ತಿರುಗಿಸಿದರೆ ಮತ್ತೆ ಪೆಂಗ್ವಿನ್. ಅವರ ಕಿಟಕಿಯ ಕಟ್ಟೆಯ ಮೇಲೆ ಪೆಂಗ್ವಿನ್‌ಗಳ ಸಾಲು ಬೆಳೆಯುತ್ತಲೇ ಹೋಯಿತು. "ಆನೆ ಯಾಕಷ್ಟು ಬೇಕು ಆಂಟಿ?" ಎಂದರೆ, "ಇರ್ಲಿ, ಒಂದು ಕೆಲಸ ಇದೆ," ಎನ್ನುವರು.

ಸುಶಿ ಸಾಕ್ಸಿನ ರಾದ್ಧಾಂತವಾದ ಮೇಲೆ ದೀಪ್ತಿ ಷಾರ್ಲೆಟ್‌ನಿಂದ ಬಂದು ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು, ನೆನಪಿನ ಪರೀಕ್ಷೆಗೆ. ಹಿಂತಿರುಗಿದಾಗ ಅವಳ ಮುಖ ಊದಿಕೊಂಡಿತ್ತು. ಆಂಟಿ ನೇರ ನಮ್ಮ ಮನೆಗೆ ಬಂದು ಕಾಫಿ ಕೇಳಿದರು.

"ಏನೇನೋ ಪದ ಹೇಳಿ ವಾಪಸ್ ಹೇಳಿ ಅಂದ್ರು, ಹೇಳ್ದೆ. ಪ್ರಾಣಿಗಳ ಹೆಸರು ಹೇಳ್ತಾ ಹೋಗಿ ಅಂದ್ರು. ನನ್ನ ಕಿಟಕಿ ಕಟ್ಟೆ ನೆನೆಸ್ಕೊಂಡು ಹೇಳ್ತಾ ಹೋದೆ, ಅವರೇ ಸಾಕು ಅಂದ್ರು. ಆಮೇಲೆ ಗಡಿಯಾರ ಬರೀರಿ ಅಂದ್ರು. ಬರೆದೆ. ಮೇಲೆ ಎರಡು ಕಿವಿ ಯಾಕಿದೆ ಅಂದ್ರು."

"ಅಯ್ಯೋ ಆಂಟಿ! ಕಿವಿ ಯಾಕೆ ಬರೆದ್ರಿ?"

"ನಮ್ಮನೆ ಗಡಿಯಾರಕ್ಕೆ ಕಿವಿ ಇದೆಯಲ್ಲೇ, ಬೆಕ್ಕಿಂದು! ಫೋನಲ್ಲಿ ಫೋಟೋ ತೋರಿಸ್ದೆ. ಡಾಕ್ಟರಮ್ಮ ನಕ್ಕು, ಎಲ್ಲಿ ಸಿಗುತ್ತೆ ಇದು, ನನ್ನ ಮಗಳಿಗೆ ಬೇಕು ಅಂದ್ರು."

ಬಾಗಿಲಲ್ಲಿ ನಿಂತಿದ್ದ ದೀಪ್ತಿ ಕೆಂಡವಾದಳು. "ಟೆಸ್ಟ್ ನಾರ್ಮಲ್ ಬಂದ್ರೆ ಎಲ್ಲಾ ನಾರ್ಮಲ್ ಅಂತ ಅಲ್ಲ ಅಮ್ಮ! ನೀನು ಇಲ್ಲಿ ಒಬ್ಳೇ ಬಿದ್ದು ಕಾಲು ಮುರ್ಕೊಂಡ್ರೆ ನನಗೆ ಯಾರು ಹೇಳ್ತಾರೆ? ಆ ಪೆಂಗ್ವಿನ್ ಹೇಳುತ್ತಾ? ಅಪ್ಪ ಹೋದ ರಾತ್ರಿ ನಾನು ಡ್ರೈವ್ ಮಾಡ್ಕೊಂಡು ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು. ಇನ್ನೊಂದ್ಸಲ ನನ್ನ ಕೈಲಾಗಲ್ಲ."

ನನಗೆ ಅವಳ ಮೇಲಿದ್ದ ಸಿಟ್ಟು ಅರ್ಧ ಇಳಿದುಹೋಯಿತು. ಆಂಟಿ ಕಾಫಿ ಲೋಟ ಕೆಳಗಿಟ್ಟರು.

"ನವರಾತ್ರಿ ಆದ್ಮೇಲೆ ಮನೆ ಮಾರಾಟಕ್ಕೆ ಲಿಸ್ಟ್ ಮಾಡೋಣ ಅಂತಿದೀನಿ," ಎಂದಳು ದೀಪ್ತಿ, ದನಿ ತಗ್ಗಿಸಿ.

"ಆಗ್ಲಿ. ಆದ್ರೆ ಈ ಸಲ ಗೊಂಬೆ ಕೂರಿಸ್ತೀನಿ. ನೀನು ಬಂದು ನೋಡ್ಬೇಕು. ಆಮೇಲೂ ನಿನಗೆ ಮಾರ್ಬೇಕು ಅನ್ಸಿದ್ರೆ ನಾನೇ ಸೈನ್ ಹಾಕ್ತೀನಿ."

ಅಂಕಲ್ ಹೋದಮೇಲೆ ಆ ಮನೆಯಲ್ಲಿ ಗೊಂಬೆ ಪೆಟ್ಟಿಗೆ ತೆಗೆದೇ ಇರಲಿಲ್ಲ. ಮುಂದಿನ ಕೆಲವು ವಾರ ಗೋಡೆಯಾಚೆ ಸುತ್ತಿಗೆಯ ಸದ್ದು, ಟೇಪು ಹರಿಯುವ ಸದ್ದು. ನನ್ನನ್ನೂ ಒಳಗೆ ಬಿಡಲಿಲ್ಲ. ಊರಿಗೆಲ್ಲ ಆಹ್ವಾನ ಹೋಯಿತು. ತಕ್ಷಣ ಒಬ್ಬ ಮಹಾತಾಯಿ ಆಂಟಿಗೇ ಫೋನ್ ಮಾಡಿ, "ಅಲ್ಲಾ, ತಪ್ಪು ತಿಳ್ಕೋಬೇಡಿ, ಅಂಕಲ್ ಇಲ್ವಲ್ಲ, ನೀವು ಗೊಂಬೆ ಕೂರಿಸ್ಬಹುದಾ?" ಎಂದು ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ. ಆ ಫೋನ್ ಕಿತ್ತುಕೊಂಡು ನಾಲ್ಕು ಮಾತು ಬೈದುಬಿಡೋಣ ಎನಿಸಿತು. ಆಂಟಿ ಕೈ ತೋರಿಸಿ ನನ್ನನ್ನು ತಡೆದರು.

"ಪಟ್ಟದ ಗೊಂಬೆಗೆ ಗಂಡ ಪಕ್ಕದಲ್ಲೇ ನಿಂತಿದಾನಲ್ಲ, ಅಷ್ಟು ಸಾಕು ಬಿಡಿ," ಎಂದರು. "ನೀವು ಬನ್ನಿ. ಸಾಕ್ಸ್ ಹಾಕ್ಕೊಂಡ್ ಬನ್ನಿ, ನೆಲ ತಣ್ಣಗಿದೆ."

ಗೊಂಬೆ ನೋಡಲು ಜನ ಕರೆದ ಶನಿವಾರ ಬೆಳಿಗ್ಗೆ ದೀಪ್ತಿ ಬಂದಳು. ಒಬ್ಬಳೇ ಬರಲಿಲ್ಲ, ಮನೆ ಮಾರಿಸಿಕೊಡುವ, ನಮ್ಮವರೇ ಆದ ರಿಯಲ್ಟರ್ ಅಂಕಲ್ ಒಬ್ಬರನ್ನೂ ಬರಹೇಳಿದ್ದಳು. ಗೊಂಬೆ ನೋಡುವ ನೆಪದಲ್ಲಿ ಮನೆ ನೋಡಿಕೊಂಡು ಹೋಗಲಿ ಎಂದು. ಇದನ್ನು ನನಗೆ ಗುಟ್ಟಾಗಿ ಹೇಳಿದಳು. ಈ ಮನೆ ಹೋದರೆ ಆಂಟಿ ಉಳಿಯುವುದಿಲ್ಲ, ಗೆಸ್ಟ್ ರೂಮಿನಲ್ಲಿ ಮೆಲ್ಲಗೆ ಬಿಳಿಚಿಕೊಂಡು ಹೋಗುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಹೇಳಿದರೆ ಮಗಳಿಗೆ ನೋವು, ಹೇಳದಿದ್ದರೆ ನನಗೆ ಹೊಟ್ಟೆಯುರಿ. ಬಾಯಿ ಮುಚ್ಚಿಕೊಂಡು ಅವಳ ಹಿಂದೆಯೇ ಒಳಗೆ ಹೋದೆ.

ಹಾಲಿನ ಉದ್ದಕ್ಕೂ ಮೆಟ್ಟಿಲು, ಮೆಟ್ಟಿಲಿಗೆ ಕೆಂಪು ಬಟ್ಟೆ. ಎಲ್ಲಕ್ಕಿಂತ ಮೇಲೆ ಮರದ ಪಟ್ಟದ ಗೊಂಬೆಗಳು, ರಾಜನಿಗೆ ಜರತಾರಿ ಪೇಟ, ರಾಣಿಗೆ ಒಂದರ ಮೇಲೊಂದು ಜಾಲರಿ ಲಂಗ, ತಲೆಯಲ್ಲಿ ಸಾಸಿವೆಯಷ್ಟು ಪುಟ್ಟ ಕ್ಲಿಪ್ಪುಗಳು. ಅವರ ಕೆಳಗೆ ಮೈಸೂರು ದಸರೆಯ ಮೆರವಣಿಗೆ ಹೊರಟಿತ್ತು. ಹಣ್ಣಿನ ಟೋಪಿ ಹಾಕಿದ ಬೆಕ್ಕುಗಳು ರಸ್ತೆಯ ಎರಡೂ ಕಡೆ ನಿಂತು ನೋಡುತ್ತಿವೆ. ಅಶ್ವದಳದ ಬದಲು ಬಾಲ ಸುರುಳಿ ಮಾಡಿದ ಜಪಾನೀ ನಾಯಿಗಳು. ವಸ್ತುಪ್ರದರ್ಶನದಲ್ಲಿ ಉಗುರಿನಷ್ಟು ದೊಡ್ಡ ಐಸ್‌ಕ್ರೀಂ ಅಂಗಡಿ, ರಬ್ಬರಿನ ದೋಸೆ. ಇಷ್ಟು ವರ್ಷ ಪಾರ್ಸೆಲ್‌ನಲ್ಲಿ ಬಂದದ್ದೆಲ್ಲ ಅಲ್ಲಿತ್ತು, ಎಲ್ಲಕ್ಕೂ ಒಂದೊಂದು ಜಾಗ, ಒಂದೊಂದು ಕೆಲಸ. ಮೈ ಪರಚಿಕೊಳ್ಳುವ ನಾನೇ ಬಾಯಿ ತೆರೆದುಕೊಂಡು ನಿಂತೆ.

ನಡುವೆ ಚಿನ್ನದ ಕಾಗದದ ಅಂಬಾರಿ, ಒಳಗೆ ಬೆಳ್ಳಿಯ ಪುಟ್ಟ ಚಾಮುಂಡಿ. ಅಂಬಾರಿ ಹೊತ್ತದ್ದು ಆನೆಯಲ್ಲ. ಹೊಟ್ಟೆ ಜೋಲಿಸಿಕೊಂಡು, ಎರಡೂ ಕೈ ನೆಲಕ್ಕೆ ಊರಿ ಬಗ್ಗಿದ ಸುಮೊ ಪೈಲ್ವಾನ. ಹಣೆಗೆ ವಿಭೂತಿ ಬೇರೆ, ಬೆನ್ನ ಮೇಲೆ ಜರಿಯ ಜೂಲು.

"ಆನೆ ಬರ್ಲೇ ಇಲ್ಲ," ಎಂದರು ಆಂಟಿ ತಮ್ಮ ತಪ್ಪೇನೋ ಎಂಬಂತೆ. "ತೂಕದಲ್ಲಿ ಇವನೇ ಹತ್ರ."

ದೀಪ್ತಿ ಮೊದಲು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ತಡೆಯಲಾಗಲಿಲ್ಲ. ನಗು ಎಂದರೆ ನಗು, ಸೋಫಾ ಹಿಡಿದುಕೊಂಡು ಕೂತುಬಿಟ್ಟಳು. ಆ ಹುಡುಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡು ಎದ್ದು ಮೆರವಣಿಗೆಯನ್ನು ಹತ್ತಿರದಿಂದ ನೋಡುತ್ತಾ ಹೋದವಳು ಪೊಲೀಸ್ ಬ್ಯಾಂಡಿನ ಹತ್ತಿರ ನಿಂತಳು. ಕಪ್ಪು ಬಿಳುಪಿನ ಸಮವಸ್ತ್ರದಲ್ಲಿ ಸಾಲು ಸಾಲು ಪೆಂಗ್ವಿನ್‌ಗಳು. ಬ್ಯಾಂಡಿನ ಹಿಂದೆ ಒಂದು ಪೆಂಗ್ವಿನ್ ಬೇರೆಯಾಗಿತ್ತು, ಅದಕ್ಕೆ ತಂತಿಯ ದುಂಡು ಕನ್ನಡಕ, ಕಂಕುಳಲ್ಲಿ ಕೊಡೆ.

"ಇದು..."

"ನಿಮ್ಮಪ್ಪ," ಎಂದರು ಆಂಟಿ. "ಜಂಬೂಸವಾರಿಗೆ ಕರ್ಕೊಂಡು ಹೋದ್ರೆ ಆನೆ ನೋಡ್ತಿರ್ಲಿಲ್ಲ ಕಣೇ ಅವರು. ಬ್ಯಾಂಡ್ ಬಂದ್ರೆ ಅದರ ಹಿಂದೇನೇ ಹೋಗ್ಬಿಡೋರು. ಮದುವೆಯಾದ ವರ್ಷ ಇಡೀ ಸಯ್ಯಾಜಿರಾವ್ ರೋಡಲ್ಲಿ ಹುಡುಕಿದೀನಿ ನಾನು. ಇಷ್ಟೊಂದು ಪೆಂಗ್ವಿನ್ ಬಂದಾಗ ಗೊತ್ತಾಯ್ತು, ಇದು ಅವರದೇ ಕೆಲಸ ಅಂತ. ಆನೆ ಕೇಳಿದ್ರೆ ಬ್ಯಾಂಡ್ ಕಳಿಸ್ತಿದಾರೆ."

ದೀಪ್ತಿ ಅಮ್ಮನನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು, ನಾನೂ ಅತ್ತೆ. ನಾಚಿಕೆ ಏನು ಬಂತು, ಅಳುವಂಥದ್ದೇ ಅದು.

ಅಷ್ಟರಲ್ಲಿ ಬೆಲ್ ಆಯಿತು. ಆಮೇಲೆ ಬೆಲ್ ಒತ್ತುವ ಗೊಡವೆಯೇ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ಕಾರುಗಳು ಬೀದಿ ತುಂಬಿ ಕ್ಲಬ್‌ಹೌಸಿನ ತನಕ ನಿಂತವು. ಆಂಟಿ ಮಾಡಿದ್ದ ಇನ್ನೊಂದು ಕಿತಾಪತಿ ಏನೆಂದರೆ ಬೊಂಬೆ ಬಾಗಿನವನ್ನು ಗ್ರಾಚಾರ ಮಿಷಿನ್‌ಗೆ ತುಂಬಿದ್ದರು. ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ಕೊಬ್ಬರಿ ಮಿಠಾಯಿ, ಸಕ್ಕರೆ ಅಚ್ಚು ಎಲ್ಲ ಉಂಡೆಯೊಳಗೆ, ಜೊತೆಗೊಂದು ಪುಟ್ಟ ಆಟಿಕೆ. ಮಕ್ಕಳು ತಿರುಗಿಸಿದರು. ಆಮೇಲೆ ಮಕ್ಕಳ ಅಪ್ಪಂದಿರು ಸಾಲಿನಲ್ಲಿ ನಿಂತರು. ಚಪ್ಪಲಿ ಗೂಡಿನ ಹಳದಿ ಶಾಲಿನ ಅಂಕಲ್ ತಿರುಗಿಸಿದಾಗ ಅವರಿಗೆ ಬೆರಳಷ್ಟು ಉದ್ದದ ಪ್ಲಾಸ್ಟಿಕ್ ಮೀನು ಬಂತು. ಇಡೀ ಹಾಲು ಕಿತ್ತುಹೋಗುವ ಹಾಗೆ ನಕ್ಕಿತು. ಅವರೂ ನಕ್ಕು ಅದನ್ನು ಜೇಬಿಗೆ ಹಾಕಿಕೊಂಡರು. ಫೋನ್ ಮಾಡಿದ್ದ ಮಹಾತಾಯಿಯೂ ಬಂದಿದ್ದಳು, ಹೊಸ ಸಾಕ್ಸ್ ಹಾಕಿಕೊಂಡು. ಉಂಡೆ ಸಾಲದೆ ಬಂದು ದೀಪ್ತಿ ಅಡಿಗೆಮನೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಮಿಠಾಯಿ ತುಂಬುತ್ತಾ ನಿಂತಳು.

ರಿಯಲ್ಟರ್ ಅಂಕಲ್ ಮೇಲಿನ ರೂಮು, ಕೆಳಗಿನ ರೂಮು, ಗರಾಜು ಎಲ್ಲ ನೋಡಿಕೊಂಡು ಬಂದು ಮಿಷಿನ್ ಮುಂದೆ ನಿಂತರು. ಆಂಟಿ ತಾವೇ, "ತಿರುಗಿಸಿ, ನಿಮ್ಮ ಗ್ರಾಚಾರ ನೋಡೋಣ," ಎಂದರು. ಅವರಿಗೆ ಕೊಬ್ಬರಿ ಮಿಠಾಯಿಯ ಜೊತೆ ಒಂದು ಪುಟಾಣಿ ರಸ್ತೆ ಫಲಕ ಬಂತು. ಕೆಂ‍ಪು ದುಂಡು, ನಡುವೆ ಬಿಳಿ ಪಟ್ಟಿ: ಪ್ರವೇಶವಿಲ್ಲ.

ಅದು ಆಂಟಿಯ ಕೈಚಳಕವೋ, ನಿಜವಾಗಿಯೂ ಗ್ರಾಚಾರವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಬೆಕ್ಕಿನ ಹಾಗೆ ಕಣ್ಣು ಮುಚ್ಚಿ ತೆರೆಯುತ್ತಾರೆ. ರಿಯಲ್ಟರ್ ಅಂಕಲ್ ಫಲಕವನ್ನು ತಿರುಗಿಸಿ ಮುರುಗಿಸಿ ನೋಡಿ, ಅಡಿಗೆಮನೆಯ ಬಾಗಿಲಿಗೆ ಹೋಗಿ ಕೇಳಿದರು.

"ಮನೆ ಚೆನ್ನಾಗಿದೆ ದೀಪ್ತಿ. ಯಾವಾಗ ಲಿಸ್ಟ್ ಮಾಡೋಣ?"

ಹಾಲಿನಲ್ಲಿ ಗದ್ದಲವಿತ್ತು, ಆದರೆ ಆಂಟಿಗೆ ಕೇಳಿಸಿತು. ಮಗುವೊಂದಕ್ಕೆ ಉಂಡೆ ಬಿಚ್ಚಿಕೊಡುತ್ತಿದ್ದ ಅವರ ಕೈ ನಿಂತಿತು.

"ಯಾವ ಮನೆ ಅಂಕಲ್?" ದೀಪ್ತಿ ತಲೆ ಎತ್ತಲಿಲ್ಲ, ಮಿಠಾಯಿ ತುಂಬುತ್ತಲೇ ಇದ್ದಳು. "ನಮ್ಮಮ್ಮ ಇರೋ ಮನೆನಾ? ಇಲ್ಲ, ಅದನ್ನ ಮಾರಲ್ಲ. ನಾನೇ ವೀಕೆಂಡ್ ಬರ್ತೀನಿ ಇನ್ಮೇಲೆ. ಮುಂದಿನ ವರ್ಷದ ದಸರಾಗೆ ಆನೆ ಬೇರೆ ಹುಡುಕ್ಬೇಕು, ಪಾಪ ಆ ಪೈಲ್ವಾನ ಎಷ್ಟಂತ ಹೊರ್ತಾನೆ!"

ಆಂಟಿ ಉಂಡೆ ಬಿಚ್ಚಿದರು, ಮಿಠಾಯಿಯನ್ನು ಮಗುವಿನ ಕೈಗಿಟ್ಟರು, ಆಮೇಲೆ ಸುಶಿ ಸಾಕ್ಸಿನ ಕಾಲಲ್ಲಿ ಹಾಲಿನ ನಡುವೆಯೇ ಒಂದು ಸುತ್ತು ಕುಣಿದರು. ಮಕ್ಕಳು ಕಿರುಚಿಕೊಂಡು ಜೊತೆಗೆ ಕುಣಿದವು. ನಾನೂ ಕುಣಿದೆ ಎಂದು ಅನು ಹೇಳುತ್ತಾಳೆ.

ದೀಪ್ತಿ ಮಾತು ಉಳಿಸಿಕೊಂಡಳು. ಪ್ರತಿ ವಾರ ಬಂದಳು. ನಾವು ಸ್ಟರ್ಲಿಂಗ್‌ಗೆ ಹೊರಟಾಗ ಅಮ್ಮ ಮಗಳು ಇಬ್ಬರೂ ಡ್ರೈವ್‌ವೇನಲ್ಲಿ ಒಂದೇ ಎಲೆಕೋಸಿನ ಕೊಡೆ ಹಿಡಿದು ನಿಂತು ಕೈಬೀಸಿದರು.

ಮೊನ್ನೆ ಬಂದ ಫೋಟೋ ಜಪಾನಿನದು. ಟೋಕಿಯೊದ ಯಾವುದೋ ಅಂಗಡಿ, ನೆಲದಿಂದ ಮಾಳಿಗೆಯವರೆಗೆ ಬರೀ ಗ್ರಾಚಾರ ಮಿಷಿನ್‌ಗಳು. ಮುಂದೆ ಬಗ್ಗಿ, ಹಲ್ಲು ಕಚ್ಚಿಕೊಂಡು ಹಿಡಿ ತಿರುಗಿಸುತ್ತಿರುವವಳು ದೀಪ್ತಿ. ಬ್ಯಾಂಕಿನ ಅಷ್ಟು ದೊಡ್ಡ ಅಧಿಕಾರಿಯ ತಲೆ ತುಂಬಾ ಸ್ಟ್ರಾಬೆರಿ ಕ್ಲಿಪ್ಪು. ಆಂಟಿ ಹಿಂದೆ ನಿಂತಿದ್ದಾರೆ, ಎರಡೂ ಕೈ ತುಂಬ ಪೆಂಗ್ವಿನ್‌. ಫೋಟೋ ಕೆಳಗೆ ಒಂದು ವಾಯ್ಸ್ ಮೆಸೇಜ್. ಮಿಷಿನ್‌ಗಳ ಕರಕರ ಸದ್ದಿನ ನಡುವೆ ಆಂಟಿ ಕೂಗಿ ಹೇಳುತ್ತಿದ್ದಾರೆ:

"ಸುಮಾ, ಆನೆ ಇಲ್ಲೂ ಬರ್ಲಿಲ್ಲ ಕಣೇ! ಬರೀ ಬ್ಯಾಂಡೇ! ನನಗೆ ಕಾಲು ನೋವು, ಸಾಕು ನಡಿಯೇ ಅಂದ್ರೆ ಇವಳು ಕೇಳ್ತಿಲ್ಲ, ಇನ್ನೊಂದೇ ಸಲ ಅಮ್ಮ, ಇನ್ನೊಂದೇ ಸಲ ಅಂತಾಳೆ. ಏನ್ಮಾಡ್ಲಿ ಹೇಳು, ನನ್ನ ಗ್ರಾಚಾರ!"